ಸಿಂಗಪುರದಲ್ಲಿ ಸಾಮಾಜಿಕ ಗುಂಪು, ಪಾತ್ರ ಮತ್ತು ಸ್ಥಾನಮಾನ

ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಠಾಣೆಯಾಗಿ 1819ರಲ್ಲಿ ಆರಂಭವಾದ ಸಿಂಗಪುರದಲ್ಲಿ, ಯಾರು ಯಾವ ಗುಂಪಿಗೆ ಸೇರಿದವರು ಎಂದು ತೀರ್ಮಾನಿಸುವ ಕೆಲಸ ಬಹುಮಟ್ಟಿಗೆ ಸರ್ಕಾರಿ ಕಚೇರಿಯದ್ದು. ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಸ್ಥಾನಮಾನ ಮತ್ತು ಪಾತ್ರಗಳನ್ನು ಬೇರ್ಪಡಿಸಿ ತೋರಿಸಿದ. ಅವನ ಪ್ರಕಾರ ಸ್ಥಾನಮಾನ ಎಂದರೆ ಸಮಾಜದೊಳಗೆ ಒಬ್ಬನಿಗೆ ದೊರೆತ ಜಾಗ, ಪಾತ್ರ ಎಂದರೆ ಆ ಜಾಗದಲ್ಲಿ ನಿಂತು ಅವನು ಮಾಡಬೇಕಾದದ್ದು. ಜಾಗ ಹುಟ್ಟಿನಿಂದ ಬರಬಹುದು, ಗಳಿಸಿಕೊಂಡದ್ದೂ ಆಗಿರಬಹುದು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ವಿವರಿಸಿದ ರಾಮಪುರದಂಥ ಹಳ್ಳಿಯಲ್ಲಿ ಈ ಜಾಗವನ್ನು ಯಾರೂ ಬರೆದಿಡಬೇಕಾಗಿರಲಿಲ್ಲ, ಊರಿಗೆ ಊರೇ ಅದನ್ನು ಬಲ್ಲದು. ಸಿಂಗಪುರ ಅಪರಿಚಿತರ ಬಂದರು. ಅಲ್ಲಿ ಎಲ್ಲವನ್ನೂ ಬರೆದಿಡಬೇಕಾಯಿತು, ಬರೆದದ್ದು ಕ್ರಮೇಣ ಬದುಕಿಗೆ ಇಳಿಯಿತು.

ವಸಾಹತು ಕಾಲ

1822ರಲ್ಲಿ, ಈ ಠಾಣೆಯನ್ನು ಸ್ಥಾಪಿಸಿದ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಪಟ್ಟಣ ಸಮಿತಿಯೊಂದನ್ನು ನೇಮಿಸಿ ಬಡಾವಣೆಗಳನ್ನು ಜನವಾರು ಹಂಚಲು ಸೂಚಿಸಿದ. ಲೆಫ್ಟಿನೆಂಟ್ ಫಿಲಿಪ್ ಜಾಕ್ಸನ್ ಬರೆದ ನಕ್ಷೆಯಲ್ಲಿ ಯೂರೋಪಿಯನ್ನರಿಗೆ ಒಂದು ಭಾಗ, ನದಿಯ ಆಚೆ ಚೀನೀಯರಿಗೆ ಒಂದು, ತಮಿಳು ನಾಡಿನ ಕರಾವಳಿಯಿಂದ ಬಂದ ಚೂಲಿಯರಿಗೆ ಒಂದು, ಅರಬರಿಗೆ ಮತ್ತು ಸಮುದ್ರ ವ್ಯಾಪಾರಿಗಳಾದ ಬುಗಿಸರಿಗೆ ಒಂದೊಂದು ಜಾಗವಿತ್ತು. ಮಲಯರ ಸುಲ್ತಾನ ಹುಸೇನ್ ಕಾಂಪೊಂಗ್ ಗ್ಲಾಮ್‌ನಲ್ಲಿದ್ದ. ಕುಂಬಾರಗೇರಿ, ಒಕ್ಕಲಗೇರಿ, ಅಗ್ರಹಾರಗಳನ್ನು ಕಂಡ ಕನ್ನಡಿಗನಿಗೆ ಈ ನಕ್ಷೆ ಹೊಸದೆನಿಸದು. ವ್ಯತ್ಯಾಸವಿಷ್ಟೆ: ನಮ್ಮ ಕೇರಿಗಳು ಶತಮಾನಗಳಲ್ಲಿ ಬೆಳೆದವು, ಸಿಂಗಪುರದ ಕೇರಿಗಳನ್ನು ಒಬ್ಬ ಸೈನ್ಯಾಧಿಕಾರಿ ಕಾಗದದ ಮೇಲೆ ಗೆರೆ ಎಳೆದು ಮಾಡಿದ.

ಪ್ರತಿ ಗುಂಪಿಗೂ ಒಬ್ಬ ಮುಖಂಡನಿರಬೇಕು, ಒಳಜಗಳಗಳನ್ನು ಅವನೇ ಬಗೆಹರಿಸಬೇಕು ಎಂಬುದು ಆಗಿನ ಪದ್ಧತಿ. 1819ರಲ್ಲಿ ರಾಫಲ್ಸ್ ಜೊತೆ ಪೆನಾಂಗ್‌ನಿಂದ ಬಂದ ನಾರಾಯಣ ಪಿಳ್ಳೆ ಗುಮಾಸ್ತಿಕೆಯಿಂದ ಇಟ್ಟಿಗೆ ವ್ಯಾಪಾರ ಮತ್ತು ಕಟ್ಟಡದ ಗುತ್ತಿಗೆಗೆ ಇಳಿದು, 1827ರಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ ಇಂಥ ಮುಖಂಡನಾದ. ಗುಡಿ ಕಟ್ಟಿಸಿದವನು ಯಜಮಾನನಾಗುವ ರೀತಿ ದಕ್ಷಿಣ ಭಾರತದ್ದೇ. ಹಡಗಿನಲ್ಲಿ ಜನರೊಂದಿಗೆ ಅದೂ ಬಂದಿತ್ತು. ಚೀನೀಯರಲ್ಲೂ ಹೀಗೆಯೇ: ಹೊಕ್ಕಿಯೆನ್ ಮಾತಿನವರು 1840ರಲ್ಲಿ ಸ್ಥಾಪಿಸಿದ ಸಂಘ ಥಿಯಾನ್ ಹಾಕ್ ಕೆಂಗ್ ಗುಡಿಯನ್ನೇ ನೆಲೆ ಮಾಡಿಕೊಂಡಿತು.

1824ರ ಮೊದಲ ಎಣಿಕೆಯಲ್ಲಿ ದ್ವೀಪದ ಜನಸಂಖ್ಯೆ 10,683. ಅದರಲ್ಲಿ ಭಾರತ ಮೂಲದವರು 756. ಮರುವರ್ಷ, ಅಂದರೆ 1825ರಲ್ಲಿ, ಸುಮಾತ್ರದ ಬೆಂಕೂಲೆನ್‌ನಿಂದ ಭಾರತೀಯ ಕೈದಿಗಳ ಮೊದಲ ತಂಡ ಬಂತು. ಸ್ಥಾನಮಾನ ಹೇಗೆ ವ್ಯಕ್ತಿಯನ್ನು ಕಡೆಯುತ್ತದೆ ಎಂಬುದಕ್ಕೆ ಸಿಂಗಪುರದ ಚರಿತ್ರೆಯಲ್ಲಿ ಇದಕ್ಕಿಂತ ನಿಚ್ಚಳ ಉದಾಹರಣೆ ಇಲ್ಲ. ಬಂಗಾಳದಿಂದ ಬಂದ ಕೈದಿಗಳ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಲ್ಲಿ ಬರೆದಿರುತ್ತಿದ್ದರು. ಈ ಕ್ರೂರ ಪದ್ಧತಿ ರದ್ದಾದದ್ದು 1849ರಲ್ಲಿ. ಆದರೆ ಸಿಂಗಪುರದ ಸೆರೆಮನೆಯಲ್ಲಿ ಹಣೆಯ ಬರಹಕ್ಕಿಂತ ದರ್ಜೆಗೆ ಬೆಲೆ ಹೆಚ್ಚು. ಕೈದಿಗಳಿಗೆ ಆರು ದರ್ಜೆಗಳಿದ್ದವು. ಹೊಸಬನ ಕಾಲಿಗೆ ಬೇಡಿ. ನಡತೆ ನೆಟ್ಟಗಿದ್ದರೆ ಬೇಡಿ ಕಳಚಿ ರಸ್ತೆ ಕೆಲಸ, ಮುಂದೆ ಆಸ್ಪತ್ರೆ ಇಲ್ಲವೇ ಕಚೇರಿ, ಕೊನೆಗೆ ಊರಿನಲ್ಲಿ ಸ್ವತಂತ್ರವಾಗಿ ದುಡಿಯಲು ಪರವಾನಗಿ. ತಪ್ಪು ಮಾಡಿದವನು ಮತ್ತೆ ಕೆಳಗಿಳಿಯುತ್ತಿದ್ದ. ಕೈದಿಗಳಿಗೆ ಕೈದಿಗಳೇ ಕಾವಲುಗಾರರು. ಸೆರೆಮನೆಯ ಅಧಿಕಾರಿಯಾಗಿದ್ದ ಮೇಜರ್ ಮೆಕ್‌ನೇರ್ 1899ರಲ್ಲಿ ಪ್ರಕಟಿಸಿದ ತನ್ನ ಪುಸ್ತಕಕ್ಕೆ ಈ ಸಂಗತಿಯನ್ನೇ ಹೆಸರಾಗಿ ಇಟ್ಟ. 1856ರಿಂದ 1861ರವರೆಗೆ ಸೇಂಟ್ ಆಂಡ್ರೂಸ್ ಕೆಥೆಡ್ರಲ್ ಕಟ್ಟಿದ್ದು, 1869ರಲ್ಲಿ ಮುಗಿದ ಗವರ್ನರ್ ಬಂಗಲೆ (ಇಂದಿನ ಇಸ್ತಾನ) ಕಟ್ಟಲು ದುಡಿದದ್ದು ಇವರ ಕೈಗಳೇ. 1873ರಲ್ಲಿ ಸೆರೆವಾಸದ ವ್ಯವಸ್ಥೆ ಮುಗಿಯಿತು. ಬಿಡುಗಡೆಯಾದ ಅನೇಕರು ಗಾಡಿ ಹೊಡೆಯುವವರು, ದನ ಸಾಕುವವರು ಆಗಿ ಅಲ್ಲೇ ಸಂಸಾರ ಹೂಡಿ ಊರಿನ ಜನರಲ್ಲಿ ಬೆರೆತುಹೋದರು.

ಉದ್ಯೋಗವೇ ಗುಂಪಿನ ಗುರುತಾದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಮಾರ್ಕೆಟ್ ಸ್ಟ್ರೀಟಿನ ಚೆಟ್ಟಿಯಾರ್ ಎಂದರೆ ಸಾಲ ಕೊಡುವವನು. 1881ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಿಖ್ ತುಕಡಿ ಸ್ಥಾಪನೆಯಾದ ಮೇಲೆ ಸಿಖ್ ಎಂದರೆ ಪೊಲೀಸ್ ಅಥವಾ ಕಾವಲುಗಾರ. ಜಾಫ್ನಾ ತಮಿಳನೆಂದರೆ ಗುಮಾಸ್ತ. ಮುಂದೆ ಸೆಂಬಾವಾಂಗ್‌ನ ನೌಕಾನೆಲೆ ಬಂದ ಬಳಿಕ ಮಲಯಾಳಿ ಎಂದರೆ ಅಲ್ಲಿನ ನೌಕರ. ಇವೆಲ್ಲ ಆಯಾ ಜನರ ಸಹಜ ಗುಣಗಳೆಂದು ಆಳುವವರು ನಂಬಿದ್ದರು. ನಿಜದಲ್ಲಿ ಮೊದಲು ಬಂದವನು ತನ್ನ ಊರಿನವರನ್ನೇ ಕರೆಸಿಕೊಂಡ, ನೇಮಿಸುವವನಿಗೂ ಅದೇ ಅನುಕೂಲವಾಯಿತು. ಬರ್ಮಾ ಮತ್ತು ಜಾವಾಗಳನ್ನು ನೋಡಿ ಬ್ರಿಟಿಷ್ ವಿದ್ವಾಂಸ ಜೆ. ಎಸ್. ಫರ್ನಿವಾಲ್ ರೂಪಿಸಿದ ‘ಬಹುತ್ವದ ಸಮಾಜ’ದ ಕಲ್ಪನೆ ಸಿಂಗಪುರಕ್ಕೂ ಒಪ್ಪುತ್ತದೆ: ಬೇರೆ ಬೇರೆ ಜನ ಸಂತೆಯಲ್ಲಿ ಸೇರುತ್ತಾರೆ, ಸಂತೆ ಮುಗಿದ ಮೇಲೆ ತಂತಮ್ಮ ಲೋಕಕ್ಕೆ ಮರಳುತ್ತಾರೆ.

ಜನಗಣತಿಯ ಕಾಲಂ

1871ರಿಂದ, ಸಿಂಗಪುರವೂ ಸೇರಿದ್ದ ಬ್ರಿಟಿಷರ ಸ್ಟ್ರೈಟ್ಸ್ ವಸಾಹತುಗಳಲ್ಲಿ ಕ್ರಮಬದ್ಧ ಜನಗಣತಿ ನಡೆಯತೊಡಗಿತು. ಮೊದಲಿಗೆ ಪಟ್ಟಿ ಉದ್ದವಾಗಿತ್ತು, ಜನರ ಹೆಸರುಗಳು ಸಾಲಾಗಿ ನಿಂತಿದ್ದವು. 1891ರ ಹೊತ್ತಿಗೆ ಅವನ್ನು ಕೆಲವೇ ದೊಡ್ಡ ತಲೆಬರಹಗಳ ಅಡಿಗೆ ತಂದರು, ಅದರಲ್ಲಿ ಒಂದು ‘ತಮಿಳರು ಮತ್ತು ಭಾರತದ ಇತರರು’. ‘ರಾಷ್ಟ್ರೀಯತೆ’ ಎಂದಿದ್ದ ಕಾಲಂ 20ನೆಯ ಶತಮಾನದ ಆರಂಭದಲ್ಲಿ ‘ಜನಾಂಗ’ವಾಯಿತು. ಕನ್ನಡಿಗನೊಬ್ಬ ಬಳ್ಳಾರಿಯಿಂದಲೋ ಮಂಗಳೂರಿನಿಂದಲೋ ಹೋಗಿದ್ದರೆ (ಎರಡೂ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು) ಅವನು ಆ ‘ಇತರರು’ ಎಂಬುದರೊಳಗೆ ಸೇರಿಹೋಗುತ್ತಿದ್ದ. ಮಲಯಕ್ಕೆ ಕೂಲಿ ವಲಸೆ ನಡೆದದ್ದು ಮುಖ್ಯವಾಗಿ ತಮಿಳು ಜಿಲ್ಲೆಗಳಿಂದ. ಕನ್ನಡ ನಾಡಿನಿಂದ ಅಂಥ ದೊಡ್ಡ ಪ್ರವಾಹ ಹರಿಯಲಿಲ್ಲ.

ಗಣತಿಯ ಕಾಲಂ ಜನರನ್ನು ಕೆರಳಿಸುವುದು ನಮಗೂ ಗೊತ್ತಿರುವ ಕಥೆ. 19ನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಲಿಂಗಾಯತರು ತಮ್ಮನ್ನು ಶೂದ್ರರೆಂದು ಬರೆದದ್ದನ್ನು ಪ್ರತಿಭಟಿಸಿದ್ದರು. ಸಿಂಗಪುರದಲ್ಲಿ ಮೇಲುಕೀಳಿನ ಪ್ರಶ್ನೆಗಿಂತ ಎಡೆ ಸಿಗದವರ ಪ್ರಶ್ನೆ ದೊಡ್ಡದಾಯಿತು. ಮಲಯ ಭಾಷೆ ಆಡುತ್ತ, ಚೀನೀ ಪೂರ್ವಜರನ್ನು ಪೂಜಿಸುತ್ತ ಬಂದ ಪೆರನಾಕನ್ನರು 1900ರಲ್ಲಿ ಸ್ಟ್ರೈಟ್ಸ್ ಚೈನೀಸ್ ಬ್ರಿಟಿಷ್ ಅಸೋಸಿಯೇಷನ್ ಕಟ್ಟಿಕೊಂಡು, ತಾವು ಬ್ರಿಟಿಷ್ ಪ್ರಜೆಗಳೆಂಬ ಸ್ಥಾನವನ್ನೇ ಗುರುತಾಗಿ ಮುಂದೊಡ್ಡಿದರು. ಸಾಮ್ರಾಜ್ಯ ಹೋದಾಗ ಆ ಗುರುತೂ ಹೋಯಿತು. ಅವರು ಕಾಲಂನಲ್ಲಿ ಬರೀ ಚೀನೀಯರಾದರು.

ರಕ್ತ ದೊಡ್ಡದೋ ಬೆಳೆಸಿದ ಮನೆ ದೊಡ್ಡದೋ ಎಂಬ ಪ್ರಶ್ನೆ 1950ರಲ್ಲಿ ಬೀದಿಗೆ ಬಂತು. ಡಚ್ ದಂಪತಿಯ ಮಗಳಾಗಿ ಹುಟ್ಟಿ, ಯುದ್ಧದ ದಿನಗಳಲ್ಲಿ ಚೆ ಅಮೀನಾ ಎಂಬಾಕೆಯ ಮನೆಯಲ್ಲಿ ಮುಸ್ಲಿಮಳಾಗಿ ಬೆಳೆದ ಮರಿಯಾ ಹೆರ್ಟೋಗ್‌ಳನ್ನು ಹೆತ್ತವರಿಗೆ ಒಪ್ಪಿಸಬೇಕೆಂದು ನ್ಯಾಯಾಲಯ ತೀರ್ಪಿತ್ತಾಗ ನಡೆದ ಗಲಭೆಯಲ್ಲಿ 18 ಜನ ಸತ್ತರು. 1964ರ ಜುಲೈ 21ರಂದು ಚೀನೀ ಮತ್ತು ಮಲಯರ ನಡುವೆ ಗಲಭೆ ಭುಗಿಲೆದ್ದಿತು. ಮರುವರ್ಷ ಸ್ವತಂತ್ರವಾದ ದೇಶದ ನಾಯಕರು ಈ ಎರಡು ನೆನಪುಗಳನ್ನು ಎಂದೂ ಕೈಬಿಡಲಿಲ್ಲ. ನಂತರದ ಕಾನೂನುಗಳಿಗೆಲ್ಲ ಇದೇ ಹಿನ್ನೆಲೆ.

ಸ್ವಾತಂತ್ರ್ಯದ ನಂತರ

ಚೀನೀ, ಮಲಯ, ಭಾರತೀಯ, ಇತರ ಎಂಬ ನಾಲ್ಕು ಡಬ್ಬಿಗಳನ್ನು ಸ್ವತಂತ್ರ ಸರ್ಕಾರ ಒಡೆಯಲಿಲ್ಲ, ಇನ್ನಷ್ಟು ಭದ್ರಪಡಿಸಿತು. ಮಗುವಿಗೆ ಸಾಮಾನ್ಯವಾಗಿ ತಂದೆಯ ಜನಾಂಗವೇ ಬರುತ್ತಿತ್ತು, ಅದೇ ಗುರುತಿನ ಚೀಟಿಗೆ ಏರುತ್ತಿತ್ತು, ಶಾಲೆಯಲ್ಲಿ ಕಲಿಯಬೇಕಾದ ‘ಮಾತೃಭಾಷೆ’ಯನ್ನೂ ಅದೇ ನಿರ್ಧರಿಸುತ್ತಿತ್ತು. ಹೊಕ್ಕಿಯೆನ್ ಆಡುವ ಮನೆಯ ಮಗುವಿಗೆ ಮ್ಯಾಂಡರಿನ್ ಮಾತೃಭಾಷೆಯಾಯಿತು, ತಾಯಿಗೆ ಆ ಭಾಷೆ ಬಾರದಿದ್ದರೂ. 1979ರ ಮ್ಯಾಂಡರಿನ್ ಆಂದೋಲನ ಮನೆಮಾತುಗಳನ್ನು ಒಂದೇ ತಲೆಮಾರಿನಲ್ಲಿ ಹಿಂದೆ ಸರಿಸಿತು. 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು ಶೇ. 48.3, ಮ್ಯಾಂಡರಿನ್ ಆಡುವವರು ಶೇ. 29.9, ಚೀನೀ ಉಪಭಾಷೆಗಳನ್ನು ಆಡುವವರು ಶೇ. 8.7. ಗುಂಪಿನ ಗುರುತನ್ನು ಉಳಿಸಲೆಂದು ತಂದ ನೀತಿಯೇ ಅಜ್ಜಿ ಮೊಮ್ಮಕ್ಕಳ ನಡುವೆ ಗೋಡೆ ಎಬ್ಬಿಸಿತು ಎಂಬ ಟೀಕೆಯಲ್ಲಿ ಸತ್ಯಾಂಶವಿದೆ.

ವಸತಿ ನೀತಿ ಇನ್ನೂ ನೇರ. ಜಾಕ್ಸನ್ ಜನರನ್ನು ಕೇರಿಗಳಾಗಿ ಬೇರ್ಪಡಿಸಿದ್ದರೆ, 1989ರ ಮಾರ್ಚ್‌ನಿಂದ ಸರ್ಕಾರ ಅವರನ್ನು ಲೆಕ್ಕ ಹಾಕಿ ಬೆರೆಸಿತು. ಸರ್ಕಾರಿ ವಸತಿ ಮಂಡಳಿಯ (ಎಚ್‌ಡಿಬಿ) ಫ್ಲ್ಯಾಟುಗಳ ಪ್ರತಿ ಕಟ್ಟಡಕ್ಕೂ ನೆರೆಹೊರೆಗೂ ಜನಾಂಗವಾರು ಮಿತಿ ಬಂತು: ಚೀನೀಯರಿಗೆ ಕಟ್ಟಡದಲ್ಲಿ ಶೇ. 87, ಮಲಯರಿಗೆ 25, ಭಾರತೀಯರು ಹಾಗೂ ಇತರರಿಗೆ 13. ಕೊನೆಯದನ್ನು 2010ರಲ್ಲಿ 15ಕ್ಕೆ ಏರಿಸಿದರು. ಉದ್ದೇಶ ಒಳ್ಳೆಯದು, ಒಂದೊಂದು ಜನಾಂಗದ ಪ್ರತ್ಯೇಕ ಬಡಾವಣೆಗಳು ಏಳಲಿಲ್ಲ. ಆದರೆ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿರುವ ಭಾರತೀಯ ತನ್ನ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ. ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆಯೂ ಇಳಿಯುತ್ತದೆ.

ರಾಜಕೀಯ ಪ್ರಾತಿನಿಧ್ಯಕ್ಕೂ ಇದೇ ಲೆಕ್ಕಾಚಾರ. ಅಭ್ಯರ್ಥಿಗಳು ತಂಡವಾಗಿ ಸ್ಪರ್ಧಿಸುವ, 1988ರಲ್ಲಿ ಬಂದ ಗುಂಪು ಕ್ಷೇತ್ರಗಳಲ್ಲಿ ಪ್ರತಿ ತಂಡದಲ್ಲೂ ಅಲ್ಪಸಂಖ್ಯಾತ ಅಭ್ಯರ್ಥಿಯೊಬ್ಬರು ಕಡ್ಡಾಯ. 2016ರ ತಿದ್ದುಪಡಿ ಅಧ್ಯಕ್ಷ ಹುದ್ದೆಗೂ ಮೀಸಲು ತಂದಿತು. ಮರುವರ್ಷ ಮಲಯರಿಗೆ ಮೀಸಲಾದ ಚುನಾವಣೆಯಲ್ಲಿ ಅವಿರೋಧವಾಗಿ ಆಯ್ಕೆಯಾದ ಹಲೀಮಾ ಯಾಕೋಬ್ ಅವರ ತಂದೆ ಭಾರತೀಯ ಮುಸ್ಲಿಂ, ತಾಯಿ ಮಲಯ. ಅವರನ್ನು ಮಲಯಳೆಂದು ಸಮಿತಿಯೊಂದು ಪ್ರಮಾಣೀಕರಿಸಿತು. ಸಂವಿಧಾನದ ಪ್ರಕಾರ ತನ್ನನ್ನು ಆ ಸಮುದಾಯದವನೆಂದು ತಿಳಿಯುವ, ಸಮುದಾಯವೂ ಹಾಗೆಂದು ಒಪ್ಪುವ ವ್ಯಕ್ತಿಯೇ ಅದರ ಸದಸ್ಯ. ಸಮಾಜಶಾಸ್ತ್ರದ ದೃಷ್ಟಿಯಿಂದ ಇದು ತಂದೆಯ ರಕ್ತವನ್ನು ನೋಡುವ ಗುರುತಿನ ಚೀಟಿಗಿಂತ ಎಷ್ಟೋ ಸೂಕ್ಷ್ಮವಾದ ವ್ಯಾಖ್ಯೆ. ಒಂದೇ ರಾಜ್ಯವ್ಯವಸ್ಥೆ ಎರಡನ್ನೂ ಇಟ್ಟುಕೊಂಡಿದೆ! 2023ರ ಮುಕ್ತ ಚುನಾವಣೆಯಲ್ಲಿ ತಮಿಳು ಮೂಲದ ಥರ್ಮನ್ ಷಣ್ಮುಗರತ್ನಂ ಶೇ. 70.4 ಮತ ಪಡೆದರು. ಮೀಸಲು ಬೇಕೇ ಎಂಬ ಚರ್ಚೆ ಇದರಿಂದ ಮತ್ತೆ ಬಿಸಿಯಾಯಿತು. ಮಿಶ್ರ ವಿವಾಹದ ಮಕ್ಕಳಿಗೆ 2011ರಿಂದ ಎರಡು ಜನಾಂಗಗಳನ್ನು ಬರೆಸಲು ಅವಕಾಶವಿದೆ. ಆದರೆ ಫ್ಲ್ಯಾಟಿನ ಮಿತಿಗೆ ಲೆಕ್ಕವಾಗುವುದು ಮೊದಲು ಬರೆದದ್ದು ಮಾತ್ರ.

ಪಾಸುಗಳ ಶ್ರೇಣಿ ಮತ್ತು ಕನ್ನಡಿಗರು

ಇತ್ತೀಚಿನ ದಶಕಗಳಲ್ಲಿ ಜನಾಂಗದಷ್ಟೇ ಬಲವಾದ ಇನ್ನೊಂದು ಶ್ರೇಣಿ ಬೆಳೆದಿದೆ. ನಾಗರಿಕ, ಖಾಯಂ ನಿವಾಸಿ, ಎಂಪ್ಲಾಯ್‌ಮೆಂಟ್ ಪಾಸ್, 2004ರಲ್ಲಿ ಬಂದ ಎಸ್ ಪಾಸ್, ವರ್ಕ್ ಪರ್ಮಿಟ್: ಈ ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂಬುದು ಸಂಸಾರದ ಸ್ವರೂಪವನ್ನೇ ನಿರ್ಧರಿಸುತ್ತದೆ. ವರ್ಕ್ ಪರ್ಮಿಟ್‌ನ ಕಟ್ಟಡ ಕಾರ್ಮಿಕ ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಸಿಂಗಪುರದ ನಾಗರಿಕಳನ್ನು ಮದುವೆಯಾಗಲು ಅವನಿಗೆ ಸರ್ಕಾರದ ಅನುಮತಿ ಬೇಕು. ಎಂಪ್ಲಾಯ್‌ಮೆಂಟ್ ಪಾಸ್‌ನ ಎಂಜಿನಿಯರ್ ನಿಗದಿತ ಸಂಬಳಕ್ಕಿಂತ ಹೆಚ್ಚು ಪಡೆಯುತ್ತಿದ್ದರೆ ಹೆಂಡತಿಗೆ ಡಿಪೆಂಡೆಂಟ್ ಪಾಸ್ ಸಿಗುತ್ತದೆ. ಬೆಂಗಳೂರಿನಲ್ಲಿ ತಾನೂ ಅಷ್ಟೇ ದುಡಿಯುತ್ತಿದ್ದವಳು ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ದಾಖಲೆಯಲ್ಲಿ ಅವಲಂಬಿತೆ. 2021ರ ಮೇ ತಿಂಗಳಿಂದ ಇವರು ಕೆಲಸ ಹಿಡಿಯಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ತಮ್ಮದೇ ಪ್ರತ್ಯೇಕ ಪಾಸ್ ಪಡೆಯಬೇಕು.

1978ರಲ್ಲಿ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಬಂದಾಗ ಸಿಂಗಪುರ ಕನ್ನಡಿಗರಿಗೆ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಅಡ್ಡಾಡಿದ ಬೆರಗಿನ ಊರು. 1990ರ ದಶಕದಿಂದೀಚೆಗೆ ಅದು ಸಾಫ್ಟ್‌ವೇರ್, ಬ್ಯಾಂಕು, ಹಡಗು ಉದ್ಯಮಗಳ ನೌಕರಿಯ ಊರಾಯಿತು. ಹಾಗೆ ಹೋದವರು ದಾಖಲೆಯಲ್ಲಿ ಕನ್ನಡಿಗರಾಗಿ ಉಳಿಯುವುದು ಅಪರೂಪ. ಅವರು ‘ಭಾರತೀಯ’ರು. 1991ರಲ್ಲಿ ಸ್ಥಾಪನೆಯಾದ ಭಾರತೀಯರ ಸ್ವಸಹಾಯ ಸಂಸ್ಥೆ ಸಿಂಡಾಗೆ, ಬೇಡವೆಂದು ಬರೆದುಕೊಡದಿದ್ದರೆ, ಪ್ರತಿ ತಿಂಗಳ ಸಂಬಳದಿಂದ ವಂತಿಗೆ ಕಡಿತವಾಗುತ್ತದೆ. ನಾಗರಿಕರಷ್ಟೇ ಅಲ್ಲ, ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿರುವ ಭಾರತ ಮೂಲದವರೂ ಇದಕ್ಕೆ ಒಳಪಡುತ್ತಾರೆ. ಧಾರವಾಡದಿಂದ ನಿನ್ನೆ ಬಂದವನಿಗೂ ಐದು ತಲೆಮಾರಿನ ಸಿಂಗಪುರ ತಮಿಳನಿಗೂ ಸಂಬಳದ ಚೀಟಿಯಲ್ಲಿ ಒಂದೇ ಸಾಲು. ಸ್ಥಳೀಯ ಭಾರತೀಯರು ಮತ್ತು ಹೊಸಬರ ನಡುವಿನ ಇರುಸುಮುರುಸು ಆ ಸಾಲಿನಲ್ಲಿ ಕಾಣುವುದಿಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರ ಸ್ಥಿತಿ ವಿಚಿತ್ರ. ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. 1990ರಿಂದ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳನ್ನೂ ಶಾಲೆಯ ಎರಡನೆಯ ಭಾಷೆಯಾಗಿ ಓದಬಹುದು. ಕನ್ನಡ, ತೆಲುಗು, ಮಲಯಾಳಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಹಾಗಾಗಿ ಹಾಸನದ ದಂಪತಿಯ ಮಗು ಹಿಂದಿಯನ್ನೋ ತಮಿಳನ್ನೋ ‘ಮಾತೃಭಾಷೆ’ಯೆಂದು ಬರೆದು ಪರೀಕ್ಷೆಗೆ ಕೂರುತ್ತದೆ. ಕನ್ನಡದ ಓದು ಬರಹ ಮನೆಗೂ ವಾರಾಂತ್ಯಕ್ಕೂ ಬಿಟ್ಟದ್ದು. ಸಿಂಗಪುರದ ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವಗಳನ್ನು ಆಚರಿಸುವುದು ಹಬ್ಬಕ್ಕಾಗಿ ಮಾತ್ರವಲ್ಲ. ದಾಖಲೆ ಕೊಡದ ಗುರುತನ್ನು ಅಲ್ಲಿ ವರ್ಷಕ್ಕೆ ಕೆಲವು ಸಲವಾದರೂ ತೊಡಬಹುದು.

ಖಾಯಂ ನಿವಾಸಿಗಳಾದ ಕುಟುಂಬಗಳಲ್ಲಿ ಗಂಡುಮಕ್ಕಳ ವಿಚಾರ ಇನ್ನೂ ಗಂಭೀರ. 1967ರಲ್ಲಿ ಕಡ್ಡಾಯವಾದ ಸೈನಿಕ ಸೇವೆ ಸಿಂಗಪುರದವನೆನಿಸಿಕೊಳ್ಳಲು ಗಂಡಸು ವಹಿಸಬೇಕಾದ ಮುಖ್ಯ ಪಾತ್ರ. ಅಲ್ಲಿಯೂ ಗುಂಪು ಅಡ್ಡ ಬಂದದ್ದುಂಟು. ಮಲಯರನ್ನು ಸೂಕ್ಷ್ಮ ಹುದ್ದೆಗಳಿಗೆ ಹಾಕದಿರುವ ಬಗ್ಗೆ ಆಗ ಸಚಿವರಾಗಿದ್ದ ಲೀ ಸಿಯೆನ್ ಲೂಂಗ್ 1987ರಲ್ಲಿ ಬಹಿರಂಗವಾಗಿ ಮಾತನಾಡಿದ್ದರು. ತಂದೆ ತಾಯಿಯ ಮೂಲಕ ಖಾಯಂ ನಿವಾಸಿಯಾದ ಹುಡುಗನೂ ಎರಡು ವರ್ಷ ಪೂರ್ಣಾವಧಿ ಸೇವೆ ಮಾಡಬೇಕು, ತಂದೆಗೆ ಆ ಹೊಣೆಯಿಲ್ಲ. ಸೇವೆ ಮಾಡದೆ ಖಾಯಂ ನಿವಾಸ ಬಿಟ್ಟುಕೊಟ್ಟವನು ಮುಂದೆ ಓದಲೋ ದುಡಿಯಲೋ ಸಿಂಗಪುರಕ್ಕೆ ಮರಳಲು ಅರ್ಜಿ ಹಾಕಿದಾಗ ಅದು ಅವನ ವಿರುದ್ಧ ಲೆಕ್ಕಕ್ಕೆ ಬರುತ್ತದೆ. ಮಗನ ಹೆಸರನ್ನು ಅರ್ಜಿಯಲ್ಲಿ ಸೇರಿಸಬೇಕೇ ಬಿಡಬೇಕೇ ಎಂಬುದನ್ನು ಈ ಕುಟುಂಬಗಳು ಅವನು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗಲೇ ತೀರ್ಮಾನಿಸಬೇಕಾಗುತ್ತದೆ.