ಹಾವಿನ ಚರ್ಮ: ಹದಗೊಳಿಸುವಿಕೆ, ಸ್ವಾಧೀನ ಮತ್ತು ಸಂರಕ್ಷಣೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಅಲಂಕಾರಕ್ಕಾಗಿ ಹಾವಿನ ಚರ್ಮವನ್ನು ಹದಗೊಳಿಸಿ ಗೋಡೆಗೆ ತೂಗುಹಾಕುವ, ಪಟ್ಟಿ, ಕೈಚೀಲ ಮುಂತಾದ ವಸ್ತುಗಳನ್ನು ತಯಾರಿಸುವ ರೂಢಿ ಹಿಂದೆ ವ್ಯಾಪಕವಾಗಿತ್ತು. ಸುಲಿದ ಚರ್ಮಕ್ಕೆ ಉಪ್ಪು ಹಾಕಿ ಕೊಳೆಯದಂತೆ ತಡೆದು, ಸುಣ್ಣದ ನೀರಿನಲ್ಲಿ ನೆನೆಸಿ, ಬಳಿಕ ತಂಗಡಿ ಚಕ್ಕೆ, ಅಳಲೆಕಾಯಿಗಳ ಒಗರು ರಸದಿಂದಾಗಲಿ ಕ್ರೋಮಿಯಂ ಲವಣದಿಂದಾಗಲಿ ಹದಗೊಳಿಸಲಾಗುತ್ತಿತ್ತು. ತಮಿಳುನಾಡಿನ ಇರುಳ ಸಮುದಾಯದ ಅನೇಕ ಕುಟುಂಬಗಳ ಜೀವನೋಪಾಯವು ಈ ವ್ಯಾಪಾರಕ್ಕೆ ಹಾವುಗಳನ್ನು ಒದಗಿಸುವುದೇ ಆಗಿತ್ತು. ವ್ಯಾಪಾರವು ನಿಷೇಧಿತವಾದ ನಂತರ, 1978ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘವು ಹಾವುಗಳನ್ನು ಕೊಲ್ಲದೆ ವಿಷ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿತು. ಹಾವು ಕಡಿತಕ್ಕೆ ನೀಡುವ ಪ್ರತಿವಿಷವನ್ನು ಇಂತಹ ವಿಷದಿಂದಲೇ ತಯಾರಿಸಲಾಗುತ್ತದೆ.

ಕಾನೂನಿನ ಸ್ಥಿತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರನ್ವಯ ಹಾವಿನ ಚರ್ಮವು ವನ್ಯಜೀವಿ ಸ್ಮಾರಕವಸ್ತುವಾಗಿ ಪರಿಗಣಿತವಾಗುತ್ತದೆ. ಚರ್ಮವನ್ನು ಹದಗೊಳಿಸುವುದು ಹಾಗೂ ಕೆಡದಂತೆ ಸಿದ್ಧಪಡಿಸುವುದು ಸಹ ಅಧಿನಿಯಮದ ವ್ಯಾಪ್ತಿಗೆ ಒಳಪಟ್ಟಿದೆ. 2022ರ ತಿದ್ದುಪಡಿಯು ದಿನಾಂಕ 1-4-2023ರಿಂದ ಜಾರಿಯಲ್ಲಿದ್ದು, ಹೆಬ್ಬಾವು ಅನುಸೂಚಿ 1ರಲ್ಲಿದೆ. ಇತರ ಹಾವುಗಳ ಅನುಸೂಚಿಯನ್ನು ಅರಣ್ಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3 ವರ್ಷಗಳಿಗೆ ಕಡಿಮೆಯಿಲ್ಲದ, 7 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸ ಮತ್ತು ಕನಿಷ್ಠ ರೂ. 25,000 ಜುಲ್ಮಾನೆಯನ್ನು ವಿಧಿಸಬಹುದಾಗಿದೆ.

ಸತ್ತ ಹಾವು ಕಂಡುಬಂದಲ್ಲಿ

ತಾನಾಗಿ ಸತ್ತ ಹಾವಿನ ಅಥವಾ ವಾಹನಕ್ಕೆ ಸಿಲುಕಿ ಸತ್ತ ಹಾವಿನ ಚರ್ಮವನ್ನು ಸುಲಿಯಬಹುದೆಂಬುದು ತಪ್ಪು ತಿಳಿವಳಿಕೆ. ಪ್ರಕರಣ 39ರ ಮೇರೆಗೆ ಅದು ಸರ್ಕಾರದ ಸ್ವತ್ತು. ಅಂತಹ ಸ್ವತ್ತು ಯಾರ ವಶಕ್ಕೆ ಬಂದರೂ 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ವರದಿ ಮಾಡತಕ್ಕದ್ದು.

ಮನೆಯಲ್ಲಿ ಹಳೆಯ ಚರ್ಮವಿದ್ದಲ್ಲಿ

1. ಮುಖ್ಯ ವನ್ಯಜೀವಿ ಪರಿಪಾಲಕರು ನೀಡಿದ ಒಡೆತನದ ಪ್ರಮಾಣಪತ್ರ ಇದೆಯೇ ಎಂದು ಮೊದಲು ಪರಿಶೀಲಿಸುವುದು. ಹಿಂದೆ ಘೋಷಿಸದಿದ್ದವರಿಗೆ 2003ರ ನಿಯಮಗಳಡಿ 180 ದಿನಗಳ ಅವಕಾಶ ನೀಡಲಾಗಿತ್ತು. ಆ ಅವಧಿ ಮುಗಿದಿದೆ.

2. ಪ್ರಮಾಣಪತ್ರವುಳ್ಳ ವಸ್ತು ಉತ್ತರಾಧಿಕಾರದಿಂದ ದೊರೆತಲ್ಲಿ 90 ದಿನಗಳೊಳಗಾಗಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸತಕ್ಕದ್ದು.

3. ಪ್ರಮಾಣಪತ್ರವಿದ್ದರೂ ಮಾರಾಟ ಮಾಡುವಂತಿಲ್ಲ. ಬೇರೆ ರಾಜ್ಯಕ್ಕೆ ಸಾಗಿಸಿದಲ್ಲಿ 30 ದಿನಗಳೊಳಗೆ ವರದಿ ಮಾಡತಕ್ಕದ್ದು.

4. ಇಟ್ಟುಕೊಳ್ಳಲು ಇಚ್ಛೆಯಿಲ್ಲದ ಪ್ರಮಾಣಪತ್ರದಾರರು ಪ್ರಕರಣ 42ಎ ಅಡಿ 7 ಕೆಲಸದ ದಿನಗಳ ಮುನ್ಸೂಚನೆ ನೀಡಿ ಒಪ್ಪಿಸಬಹುದು. ಇದಕ್ಕೆ ಪರಿಹಾರಧನ ಇರುವುದಿಲ್ಲ.

5. ಪ್ರಮಾಣಪತ್ರವಿಲ್ಲದ ಚರ್ಮವನ್ನು ಸುಡುವುದು, ಹೂಳುವುದು ಅಥವಾ ಪರರಿಗೆ ಕೊಡುವುದು ಸಲ್ಲದು. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಲಿಖಿತವಾಗಿ ತಿಳಿಸುವುದು.

ಅರ್ಜಿಯೊಂದಿಗೆ ಗುರುತಿನ ಚೀಟಿ, ಚರ್ಮದ ಛಾಯಾಚಿತ್ರ, ಅಳತೆ, ದೊರೆತ ವಿವರ ಹಾಗೂ ಹಳೆಯ ದಾಖಲೆಗಳನ್ನು ಒಯ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

ಪ್ರಮಾಣಪತ್ರವುಳ್ಳ ಚರ್ಮದ ಪಾಲನೆ

ಚರ್ಮವನ್ನು ಮಡಚಬಾರದು; ಮಡಿಕೆಯಲ್ಲಿ ಹುರುಪೆ ಬಿರಿಯುತ್ತದೆ. ಆಮ್ಲರಹಿತ ಕಾಗದದ ಮೇಲೆ ಹರಡಿ, ಬಿಸಿಲು ಮತ್ತು ತೇವ ತಾಗದಂತೆ ಇಡುವುದು. ಧೂಳನ್ನು ಮೃದುವಾದ ಕುಂಚದಿಂದ ತಲೆಯಿಂದ ಬಾಲದ ಕಡೆಗೆ ತೆಗೆಯುವುದು. ಎಣ್ಣೆ ಸವರಬಾರದು. ಹಳೆಯ ಚರ್ಮಗಳಿಗೆ ಪಾಷಾಣ ಬೆರೆತ ಸಂರಕ್ಷಕಗಳನ್ನು ಬಳಸಿರುವ ಸಾಧ್ಯತೆಯಿರುವುದರಿಂದ ಕೈಗವಸು ಧರಿಸುವುದು. ಮಕ್ಕಳ ಕೈಗೆ ನೀಡಬಾರದು.

ಸೂಚನೆ

ಹಾವಿನ ಚರ್ಮದ ಅಚ್ಚೊತ್ತಿದ ದನದ ತೊಗಲು ಹಾಗೂ ಕೃತಕ ಚರ್ಮ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಲಂಕಾರಕ್ಕೆ ಇವುಗಳನ್ನು ಬಳಸಬಹುದು. ಕೇರೆಹಾವು ಮೊದಲಾದವು ಇಲಿಗಳನ್ನು ಹಿಡಿದು ರೈತನ ಬೆಳೆಯನ್ನು ಕಾಯುತ್ತವೆ. ಅವುಗಳ ರಕ್ಷಣೆಗೆ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.