ದೃಶ್ಯಕ್ಕೆ ಬಣ್ಣದ ಭಾವ: ಕಲರ್ ಗ್ರೇಡಿಂಗ್‌ನ ಬಗೆ ಮತ್ತು ಮಿತಿ

ಪ್ರತಿ ವರ್ಷ ಜ್ಯೇಷ್ಠ ಮಾಸದಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಎರಡು ಕುದುರೆಗಳು ಆಳಂದಿಯತ್ತ ಹೊರಡುತ್ತವೆ. ಸಂತ ಜ್ಞಾನೇಶ್ವರರ ಪಾಲಕಿಯೊಡನೆ ಪಂಢರಪುರಕ್ಕೆ ಸಾಗುವ ಈ ಅಶ್ವಗಳನ್ನು ಅಂಕಲಿಯ ಶಿತೋಳೆ ಮನೆತನದವರು ಕಳುಹಿಸುವ ಸಂಪ್ರದಾಯ 19ನೆಯ ಶತಮಾನದಿಂದ ನಡೆದುಬಂದಿದೆ. ಒಂದು ಕುದುರೆಯ ಮೇಲೆ ಧ್ವಜ ಹಿಡಿದ ಸವಾರನಿರುತ್ತಾನೆ. ಇನ್ನೊಂದಕ್ಕೆ ಸವಾರನಿಲ್ಲ, ಅದು ಜ್ಞಾನೇಶ್ವರರಿಗೇ ಮೀಸಲು.

ಈ ಪ್ರಯಾಣವನ್ನು ಯಾರಾದರೂ ವಿಡಿಯೊದಲ್ಲಿ ಸೆರೆಹಿಡಿದರೆ ವಾಡೆಯೊಳಗಿನ ಮಂದ ಬೆಳಕು, ಮುಂಗಾರಿನ ಮೋಡ, ಸಂಜೆಯ ಬಿಸಿಲು ಎಲ್ಲವೂ ಬೇರೆಬೇರೆ ಛಾಯೆಯಲ್ಲಿ ಮೂಡುತ್ತವೆ. ಬಿಡಿ ದೃಶ್ಯಗಳ ವರ್ಣವನ್ನು ಹೊಂದಿಸಿ, ಕಥೆಗೆ ತಕ್ಕ ಭಾವ ನೀಡುವ ಕೆಲಸವೇ ಕಲರ್ ಗ್ರೇಡಿಂಗ್.

ಮೊದಲು ತಿದ್ದುಪಡಿ

ಗ್ರೇಡಿಂಗ್‌ಗೆ ಮುನ್ನ ಬೆಳಕಿನ ಪ್ರಮಾಣ ಮತ್ತು ಬಿಳುಪಿನ ಸಮತೋಲನವನ್ನು ಸರಿಪಡಿಸಬೇಕು. ವಾರಕರಿಗಳ ಬಿಳಿ ಟೋಪಿ ಒಂದು ದೃಶ್ಯದಲ್ಲಿ ನೀಲಿಯಾಗಿಯೂ ಮುಂದಿನದರಲ್ಲಿ ಹಳದಿಯಾಗಿಯೂ ಕಂಡರೆ ನೋಡುಗನ ಗಮನ ಕಥೆಯಿಂದ ಜಾರುತ್ತದೆ. ಕಣ್ಣು ಬಹುಬೇಗ ಹೊಂದಿಕೊಂಡು ಮೋಸಹೋಗುವುದರಿಂದ ಸಂಕಲನದ ತಂತ್ರಾಂಶದಲ್ಲಿರುವ ವೇವ್‌ಫಾರ್ಮ್, ವೆಕ್ಟರ್‌ಸ್ಕೋಪ್ ಮಾಪಕಗಳನ್ನು ನೆಚ್ಚುವುದು ಲೇಸು. ಮೈಬಣ್ಣ ಕಪ್ಪಿರಲಿ ಬಿಳುಪಿರಲಿ, ವೆಕ್ಟರ್‌ಸ್ಕೋಪ್‌ನಲ್ಲಿ ಅದು ಸರಿಸುಮಾರು ಒಂದೇ ದಿಕ್ಕಿನಲ್ಲಿ ಬೀಳುತ್ತದೆ.

ಅನಂತರ ಭಾವ

ನೆರಳು, ನಡುಬೆಳಕು, ಹೊಳಪು ಎಂಬ ಮೂರು ಭಾಗಗಳ ಬಣ್ಣವನ್ನು ಪ್ರತ್ಯೇಕವಾಗಿ ಬದಲಿಸಬಹುದು. ನೆರಳಿಗೆ ತುಸು ನೀಲಿ ಬೆರೆಸಿದರೆ ದೂರ ಮತ್ತು ಒಂಟಿತನದ ಭಾವ, ಹೊಳಪಿಗೆ ಹೊಂಬಣ್ಣ ಸೇರಿಸಿದರೆ ಆಪ್ತತೆ ಮೂಡುವುದುಂಟು. ಆದರೆ ಇದು ಕಟ್ಟುನಿಟ್ಟಿನ ಸೂತ್ರವಲ್ಲ. ಮಂಕಾದ ಹಲವು ದೃಶ್ಯಗಳ ಬಳಿಕ ಬಂದಾಗಲೇ ಧ್ವಜದ ಕೇಸರಿಗೆ ತೂಕ ಬರುತ್ತದೆ. ಜನಸಂದಣಿಯ ಭಾಗವನ್ನಷ್ಟೇ ಕೊಂಚ ಕಪ್ಪಾಗಿಸಿದರೆ ನೋಟ ತಾನಾಗಿಯೇ ಸವಾರನಿಲ್ಲದ ಕುದುರೆಯತ್ತ ಹೊರಳುತ್ತದೆ.

ಚಲನಚಿತ್ರದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ 2000ರಲ್ಲಿ ತೆರೆಕಂಡ ‘ಓ ಬ್ರದರ್, ವೇರ್ ಆರ್ಟ್ ದೌ?’. ಹಚ್ಚಹಸಿರಾಗಿದ್ದ ಮಿಸಿಸಿಪಿಯ ಬಯಲನ್ನು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಡಿಜಿಟಲ್ ವಿಧಾನದಿಂದ ಒಣ ಹಳದಿಗೆ ತಿರುಗಿಸಿದರು. 1930ರ ದಶಕದ ಬಡತನದ ಕಥೆಗೆ ಅದು ಒಪ್ಪಿತು. 1971ರ ಕಪ್ಪು-ಬಿಳುಪು ಚಿತ್ರ ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣದಲ್ಲಿ ಮರುಬಿಡುಗಡೆಯಾದದ್ದು ಬೇರೆಯದೇ ಕ್ರಿಯೆ: ಅಲ್ಲಿ ಇಲ್ಲದ ಬಣ್ಣವನ್ನು ತುಂಬಲಾಯಿತು, ಗ್ರೇಡಿಂಗ್ ಇರುವ ಬಣ್ಣವನ್ನು ಮಾರ್ಪಡಿಸುತ್ತದೆ.

ಎಲ್ಲಿ ನಿಲ್ಲಬೇಕು?

ಕಾಲ್ಪನಿಕ ಕಥೆಗೆ ಇರುವ ಈ ಸ್ವಾತಂತ್ರ್ಯ ವರದಿಗೆ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಪ್ರವಾಹ ಚಿಕ್ಕೋಡಿ ತಾಲೂಕಿನ ನದಿತೀರದ ಊರುಗಳನ್ನು ನೀರಿನಲ್ಲಿ ಮುಳುಗಿಸಿತು. ಅಂಥ ದೃಶ್ಯದಲ್ಲಿ ಆಕಾಶವನ್ನು ಕಪ್ಪಾಗಿಸಿ, ಕೆಂಪು-ಕಂದು ನೀರಿಗೆ ಕಡುಬಣ್ಣ ಬಳಿದರೆ ಭೀಕರತೆ ಹೆಚ್ಚಿದಂತೆ ತೋರೀತು. ಆದರೆ ನೀರು ಎಷ್ಟಿತ್ತು, ಹೊತ್ತು ಯಾವುದಿತ್ತು ಎಂಬ ಸಾಕ್ಷ್ಯವೇ ಕೆಡುತ್ತದೆ. ಸುದ್ದಿಯ ವಿಡಿಯೊಗೆ ತಿದ್ದುಪಡಿ ಸಾಕು, ಭಾವದ ಲೇಪ ಬೇಡ. ಸಾಕ್ಷ್ಯಚಿತ್ರವು ಭಾವವನ್ನು ಸೂಚಿಸಬಹುದು. ಋತು, ಹೊತ್ತು, ಮೈಬಣ್ಣಗಳನ್ನು ಸುಳ್ಳಾಗಿಸಬಾರದು. ಜನಪ್ರಿಯ ಸಿನಿಮಾಗಳ ಸಿದ್ಧ ಛಾಯೆಯನ್ನು ಹಾಗೆಯೇ ಹಚ್ಚಿದಾಗ ಕೃಷ್ಣಾ ತೀರದ ಕಬ್ಬಿನ ಹಸಿರು ನೀಲಿಗೆ ತಿರುಗಿ, ಊರು ಊರಾಗಿ ಉಳಿಯುವುದಿಲ್ಲ.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಕೆಲಸ ಮುಗಿಸಿ ಕಣ್ಣಿಗೆ ಕೊಂಚ ವಿಶ್ರಾಂತಿ ಕೊಟ್ಟು, ಮೂಲ ದೃಶ್ಯವನ್ನೂ ಮಾರ್ಪಡಿಸಿದ್ದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಆ ಸ್ಥಳದವರೊಬ್ಬರಿಗೂ ತೋರಿಸಬೇಕು. ‘ಇದು ನಮ್ಮೂರೇ’ ಎಂದು ಅವರು ಗುರುತಿಸಿದರೆ ಬಣ್ಣ ಮಿತಿ ಮೀರಿಲ್ಲವೆಂದು ತಿಳಿಯಬಹುದು.