ಕರ್ನಾಟಕದ ಆರೋಗ್ಯಸೇವೆಯಲ್ಲಿ ಪ್ರಾದೇಶಿಕ ಸಮಾನತೆ: ಒಂದು ಚಾರಿತ್ರಿಕ ಅವಲೋಕನ

ರಾಜ್ಯವೊಂದರ ಆರೋಗ್ಯಸ್ಥಿತಿಯನ್ನು ಗುರುತಿಸಲು ಸರಾಸರಿ ಅಂಕಿಅಂಶಗಳನ್ನು ಆಧರಿಸುವುದು ವಾಡಿಕೆ. ಆದರೆ ಸರಾಸರಿಯು ಒಳಗಿನ ಅಂತರಗಳನ್ನು ಮರೆಮಾಚುತ್ತದೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದು 1956ರ ನವೆಂಬರ್ 1ರಂದು ಒಂದಾದ ಕನ್ನಡ ನಾಡಿನಲ್ಲಿ ಈ ಅಂತರಗಳ ಚರಿತ್ರೆಯು ಏಕೀಕರಣಕ್ಕಿಂತ ಹಳೆಯದು.

ಮೈಸೂರು ಸಂಸ್ಥಾನವು ಸಾರ್ವಜನಿಕ ಆರೋಗ್ಯವನ್ನು ಆಡಳಿತದ ಹೊಣೆಯೆಂದು ಬಹು ಮೊದಲೇ ಭಾವಿಸಿತ್ತು. 1898ರಲ್ಲಿ ಬೆಂಗಳೂರನ್ನು ಪ್ಲೇಗ್ ಪೀಡಿಸಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. 1924ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ, 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವು ಕಾರ್ಯಾರಂಭ ಮಾಡಿತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿದ್ದು ಅಂದಿನ ದಿನಗಳಲ್ಲಿ ಅಸಾಧಾರಣವಾದ ನಿರ್ಧಾರ. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ್, ಗುಲಬರ್ಗಾ, ರಾಯಚೂರು ಪ್ರದೇಶಗಳಿಗೆ ಇಂತಹ ಪರಂಪರೆ ದೊರೆಯಲಿಲ್ಲ. ಬೀದರ್ ಮತ್ತು ರಾಯಚೂರುಗಳಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು ತಲೆಯೆತ್ತಿದ್ದು 2007ರಲ್ಲಿ. ಮೈಸೂರಿನ ಕಾಲೇಜಿಗೂ ಇವುಗಳಿಗೂ ನಡುವೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಏಕೀಕರಣದ ತರುವಾಯ ಭೋರ್ ಸಮಿತಿಯ 1946ರ ವರದಿಯ ಆಶಯದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ರಾಜ್ಯದೆಲ್ಲೆಡೆ ಹರಡಿದವು. ಆದರೆ ಕಟ್ಟಡವನ್ನು ಕಟ್ಟುವುದಕ್ಕಿಂತ ವೈದ್ಯರು ಹಾಗೂ ದಾದಿಯರು ಅಲ್ಲಿ ನೆಲೆಸುವಂತೆ ಮಾಡುವುದು ಕಠಿಣವಾಯಿತು. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ 1999ರಲ್ಲಿ ರಚನೆಗೊಂಡ ಕಾರ್ಯಪಡೆಯು 2001ರ ತನ್ನ ಅಂತಿಮ ವರದಿಯಲ್ಲಿ ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಕಡೆಗಣನೆ ಮತ್ತು ಸಮಾನತೆಯತ್ತ ಗಮನವಿಲ್ಲದಿರುವುದನ್ನು ವ್ಯವಸ್ಥೆಯ ಮೂಲ ದೋಷಗಳ ಸಾಲಿನಲ್ಲಿ ಹೆಸರಿಸಿತು. ಸರ್ಕಾರವೇ ನೇಮಿಸಿದ ಸಮಿತಿಯೊಂದು ಕೊರತೆಯನ್ನು ಕೇವಲ ಹಣದ ಪ್ರಶ್ನೆಯಾಗಿ ನೋಡದೆ ನ್ಯಾಯದ ಪ್ರಶ್ನೆಯಾಗಿ ಮಂಡಿಸಿದ್ದು ಗಮನಾರ್ಹ.

ಮರುವರ್ಷ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯು ಅಧ್ಯಯನದ ಘಟಕವನ್ನು ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಸಿತು. ಆರೋಗ್ಯ ಸೌಲಭ್ಯವೂ ಸೇರಿದಂತೆ 35 ಸೂಚಕಗಳ ಆಧಾರದಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಈ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. 13 ದಕ್ಷಿಣ ಕರ್ನಾಟಕದಲ್ಲಿಯೂ ಇದ್ದವು. ಹಿಂದುಳಿದಿರುವಿಕೆಯು ಉತ್ತರದಲ್ಲಿ ದಟ್ಟವಾಗಿದ್ದರೂ ಉತ್ತರಕ್ಕೇ ಸೀಮಿತವಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಅನಂತರದ ಯತ್ನಗಳು ಮುಖ್ಯವಾಗಿ ಚಿಕಿತ್ಸಾವೆಚ್ಚದ ಕಡೆಗೆ ತಿರುಗಿದವು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ರೈತ ಸದಸ್ಯರಿಗೆ ಅಲ್ಪ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಒದಗಿಸಿತು. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಗುಲಬರ್ಗಾ ವಿಭಾಗದಲ್ಲಿಯೇ ಜಾರಿಯಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದ ರೋಗಗಳ ಉನ್ನತ ಚಿಕಿತ್ಸೆ ಉಚಿತವಾಯಿತಲ್ಲದೆ, ಗ್ರಾಮಾಂತರ ಶಿಬಿರಗಳ ಮೂಲಕ ರೋಗಿಗಳನ್ನು ಗುರುತಿಸುವ ಕೆಲಸವೂ ನಡೆಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಯ ವ್ಯಾಪ್ತಿಗೊಳಪಟ್ಟ ರೋಗಗಳಿಂದ ಬಡವರಲ್ಲಿ ಸಂಭವಿಸುವ ಮರಣದ ಪ್ರಮಾಣವು ಯೋಜನೆಯಿಲ್ಲದ ನೆರೆಯ ಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆಯೆಂದು ತೋರಿಸಿತು. 2018ರಲ್ಲಿ ಈ ಬಗೆಯ ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ಸಮಾವೇಶಗೊಂಡವು.

ಹಣದ ಅಡ್ಡಿಯನ್ನು ನಿವಾರಿಸಿದರೆ ಜೀವಗಳು ಉಳಿಯುತ್ತವೆಂಬುದಕ್ಕೆ ಇದು ಆಧಾರ. ಆದರೆ ವೆಚ್ಚವನ್ನು ಭರಿಸುವ ಯೋಜನೆಯು ಹತ್ತಿರದ ಆಸ್ಪತ್ರೆಗೆ ಪರ್ಯಾಯವಲ್ಲ. ಉನ್ನತ ಚಿಕಿತ್ಸೆಯು ದೊಡ್ಡ ನಗರಗಳಲ್ಲಿ ಕೇಂದ್ರೀಕೃತವಾಗಿರುವವರೆಗೆ ದೂರದ ತಾಲ್ಲೂಕಿನ ರೋಗಿಯು ಪ್ರಯಾಣ ಹಾಗೂ ಕಳೆದುಕೊಂಡ ಕೂಲಿಯ ಭಾರವನ್ನು ಹೊರಬೇಕಾಗುತ್ತದೆ. ಹೆರಿಗೆ, ಜ್ವರ, ಹಾವುಕಡಿತಗಳಲ್ಲಿ ಆ ದೂರವೇ ಪ್ರಾಣಕ್ಕೆ ಎರವಾಗಬಹುದು. ಸಂಸ್ಥಾನಗಳ ಗಡಿಗಳು ನಕ್ಷೆಯಿಂದ ಅಳಿದಿದ್ದರೂ ಸೇವೆಯ ಹಂಚಿಕೆಯಲ್ಲಿ ಅವುಗಳ ಛಾಯೆ ಬಹುಕಾಲ ಉಳಿಯಿತು. ಆದಕಾರಣ ರಾಜ್ಯದ ಸಾಧನೆಯನ್ನು ಸರಾಸರಿಯಿಂದಲ್ಲ, ಅತ್ಯಂತ ಹಿಂದುಳಿದ ತಾಲ್ಲೂಕಿನ ಸ್ಥಿತಿಯಿಂದ ಅಳೆಯುವುದೇ ಈ ಚರಿತ್ರೆಯು ಸೂಚಿಸುವ ಮಾರ್ಗವಾಗಿದೆ.